ನಾಲ್ಕನೇ ಲೈನಿನ ಕೆಂಪು ಚೌಕ

ಅವನಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಹಾಜರಿ ಪುಸ್ತಕ ಬಿಟ್ಟರೆ ಅದು ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಕಾರ್ಖಾನೆಯಲ್ಲಿ ಎಲ್ಲರಿಗೂ ಅವನು ಪರ್ಸೆಂಟಪ್ಪ. ಔಷಧಿ ಬಾಟಲಿಗಳಿಗೆ ಪ್ಲಾಸ್ಟಿಕ್ ಮುಚ್ಚಳ ಮಾಡುವ ಕಾರ್ಖಾನೆ ಅದು. ನಾಲ್ಕು ಲೈನು, ಲೈನಿಗೊಂದು ಯಂತ್ರ, ಯಂತ್ರಕ್ಕೆ ಆರೇಳು ಹೆಂಗಸರು. ಇಪ್ಪತ್ತೆರಡು ವರ್ಷದಿಂದ ಅವನ ಕೆಲಸ ಒಂದೇ: ಗಂಟೆಗೊಮ್ಮೆ ನಾಲ್ಕೂ ಲೈನಿನ ಚೀಟಿಗಳನ್ನು ಕಲೆಹಾಕುವುದು, ಆಗಬೇಕಾದದ್ದರಲ್ಲಿ ಎಷ್ಟು ಪರ್ಸೆಂಟ್ ಆಗಿದೆ ಎಂದು ಬಾಗಿಲ ಪಕ್ಕದ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು. ಅಡುಗೆ ಹೇಗಿತ್ತು ಎಂದು ಹೆಂಡತಿ ಕೇಳಿದರೂ "ಎಂಬತ್ತು" ಎನ್ನುತ್ತಿದ್ದ. ಅವಳು ತಟ್ಟೆ ಎತ್ತಿಕೊಳ್ಳುತ್ತ, "ಉಳಿದ ಇಪ್ಪತ್ತು ನಿಮ್ಮ ನಾಲಿಗೇದು" ಎನ್ನುತ್ತಿದ್ದಳು. ದಡ್ಡನಲ್ಲ, ಕೆಟ್ಟವನಂತೂ ಅಲ್ಲವೇ ಅಲ್ಲ. ಆದರೆ ಅಂಕಿ ಎಂದರೆ ಸಾಕು, ಕಣ್ಣುಮುಚ್ಚಿ ನಂಬಿಬಿಡುತ್ತಿದ್ದ. ನಲವತ್ತಾರು ದಾಟಿದ ಮೇಲೂ ಹಾಗೆ ನಂಬುವವರನ್ನು ಕಂಡರೆ ಸಿಟ್ಟೂ ಬರುತ್ತದೆ, ಪಾಪ ಎಂದೂ ಅನ್ನಿಸುತ್ತದೆ.

ನಾಲ್ಕನೇ ಲೈನಿನ ಮುಖ್ಯಸ್ಥೆ ಅವನ ಅಕ್ಕ. ಒಡಹುಟ್ಟಿದ ಅಕ್ಕ, ಅವನಿಗಿಂತ ಒಂಬತ್ತು ವರ್ಷ ದೊಡ್ಡವಳು. ಅವಳ ಬೆರಳು ಹಿಡಿದೇ ಅವನು ಶಾಲೆಗೆ ಹೋದದ್ದು, ಅವಳು ಮಾತಾಡಿದ್ದಕ್ಕೇ ಈ ಕೆಲಸಕ್ಕೆ ಸೇರಿದ್ದು. ತಮ್ಮನೊಬ್ಬನಿಗೆ ಮಾತ್ರವಲ್ಲ, ಕಾವಲಿನವನಿಂದ ಹಿಡಿದು ಇಡೀ ಕಾರ್ಖಾನೆಗೇ ಅವಳು ಅಕ್ಕ. ಅವಳ ಪಾಲಿಗೆ ಬಂದಿದ್ದ ಯಂತ್ರ ಮಾತ್ರ ಯಾರ ಶತ್ರುವಿಗೂ ಬೇಡ. ಕಾರ್ಖಾನೆ ಶುರುವಾದ ದಿನ ತಂದು ಕೂರಿಸಿದ್ದು. ಕಾಲು ಗಂಟೆಗೊಮ್ಮೆ ಮುಚ್ಚಳಗಳು ಅಚ್ಚಿನೊಳಗೇ ಅಂಟಿಕೊಂಡು ಕೂರುತ್ತಿದ್ದವು. ಯಂತ್ರ ನಿಲ್ಲಿಸಿ, ಬಾಗಿಲು ತೆಗೆದು, ಒಳಗಿನ ಝಳಕ್ಕೆ ಮುಖ ಕೊಟ್ಟು, ಮರದ ಕಡ್ಡಿಯಿಂದ ಒಂದೊಂದಾಗಿ ಎಬ್ಬಿಸಬೇಕು. ಎರಡು ನಿಮಿಷದ ಕೆಲಸ, ದಿನಕ್ಕೆ ಮೂವತ್ತು ಸಲ. ಅವಳ ಬಲಗೈಯ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಕಲೆಗಳು. ಹೊಸ ಯಂತ್ರ ಕೊಡಿ ಎಂದು ಅವಳು ಬರೆದುಕೊಟ್ಟ ಅರ್ಜಿಗಳು ಎಷ್ಟು ಮ್ಯಾನೇಜರುಗಳ ಕೈ ದಾಟಿದವೋ! ಎಲ್ಲರೂ "ನೋಡೋಣಮ್ಮ" ಎಂದವರೇ, ನೋಡಿದವರು ಒಬ್ಬರೂ ಇಲ್ಲ.

ಹಾಗಿದ್ದರೂ ಹಲಗೆಯ ಮೇಲೆ ನಾಲ್ಕನೇ ಲೈನು ಎಂದೂ ತಲೆ ತಗ್ಗಿಸಿ ನಿಂತದ್ದಿಲ್ಲ. ಅದಕ್ಕೊಂದು ಗುಟ್ಟಿತ್ತು. ಪಾಳಿ ಮುಗಿಯುವ ಹೊತ್ತಿಗೆ ಎರಡನೇ ಲೈನಿನಿಂದೊಂದು, ಮೂರನೇ ಲೈನಿನಿಂದೊಂದು ಮುಚ್ಚಳ ತುಂಬಿದ ಕ್ರೇಟು ಸದ್ದಿಲ್ಲದೆ ನಾಲ್ಕನೆಯದಕ್ಕೆ ಸರಿದುಬರುತ್ತಿತ್ತು. ಅದಕ್ಕೆ 'ಅಕ್ಕನ ಕ್ರೇಟು' ಎಂದೇ ಹೆಸರು. ಯಾರೂ ಕೇಳುತ್ತಿರಲಿಲ್ಲ, ಯಾರೂ ಹೇಳುತ್ತಿರಲಿಲ್ಲ. ಅಕ್ಕನೂ ಸುಮ್ಮನೆ ಕೂತು ಇಸಿದುಕೊಳ್ಳುವವಳಲ್ಲ. ಯಾರದೋ ಮಗುವಿಗೆ ಜ್ವರ ಎಂದರೆ ಅವರ ಜಾಗದಲ್ಲಿ ನಿಂತು ದುಡಿಯುತ್ತಿದ್ದಳು. ಮಿಕ್ಕ ಮೂರೂ ಲೈನಿನ ಅರ್ಧಕ್ಕರ್ಧ ಹೆಂಗಸರಿಗೆ ಕೆಲಸ ಕಲಿಸಿದವಳೂ ಅವಳೇ. ಒಟ್ಟು ಮುಚ್ಚಳ ಅಷ್ಟೇ, ಯಾರಿಗೂ ನಷ್ಟವಿಲ್ಲ. ಪರ್ಸೆಂಟಪ್ಪನಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ಬರೆಯುತ್ತಿದ್ದ, ಆದರೆ ಆ ಒಂದು ಅಂಕಿ ಬರೆಯುವಾಗ ಮಾತ್ರ ಅವನ ಕೈ ತುಸು ಹಿಂಜರಿಯುತ್ತಿತ್ತು.

ಹೊಸ ಮ್ಯಾನೇಜರು ಬಂದರು. ಬಂದ ವಾರವೇ ಕಪ್ಪು ಹಲಗೆಯ ಮುಂದೆ ನಿಂತು, ಮೂಗಿಗೆ ಸೀಮೆಸುಣ್ಣದ ಧೂಳು ಹೊಕ್ಕು ಸೀನಿ, "ಏನ್ರೀ ಇದು, ಶಾಲೆ ನಡೆಸ್ತಿದ್ದೀರಾ?" ಎಂದರು. ಗೋಡೆಗೆ ದೊಡ್ಡ ಟಿವಿ ಬರಬೇಕು, ಅದರಲ್ಲಿ ಎಲ್ಲ ಲೈನಿನ ಅಂಕಿಗಳನ್ನೂ ಒಟ್ಟಿಗೆ ತೋರಿಸುವ ಡ್ಯಾಶ್‌ಬೋರ್ಡ್ ಓಡಬೇಕು. ಹೊರಗಿನಿಂದ ತರಿಸಿ ನೋಡಿದ ಒಂದೆರಡು ಈ ಕಾರ್ಖಾನೆಯ ಕೆಲಸಕ್ಕೆ ಹೊಂದಲಿಲ್ಲ. ಕೊನೆಗೆ ಮ್ಯಾನೇಜರು ಪರ್ಸೆಂಟಪ್ಪನನ್ನು ಕರೆದು, "ಇಲ್ಲಿನ ಅಂಕಿ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಮಗೆ ಬೇಕಾದ ಹಾಗೆ ನೀವೇ ಮಾಡಿ" ಎಂದರು. ಇಪ್ಪತ್ತೆರಡು ವರ್ಷದಲ್ಲಿ ಅವನನ್ನು ಯಾರೂ ಕುರ್ಚಿ ಎಳೆದು ಕೂರಿಸಿ ಮಾತಾಡಿಸಿರಲಿಲ್ಲ. ಅವನು ಆ ದಿನ ಮನೆಗೆ ಬಂದದ್ದು ನಡೆದೋ ತೇಲಿಯೋ, ಅವನಿಗೇ ತಿಳಿಯದು.

ಎರಡು ತಿಂಗಳು ಸ್ಟೋರಿನ ಪಕ್ಕದ ಇಕ್ಕಟ್ಟು ಕೋಣೆಯಲ್ಲಿ, ಹಳೆ ಕಂಪ್ಯೂಟರಿನ ಮುಂದೆ ತಪಸ್ಸು. ಪುಸ್ತಕ ನೋಡಿ ಕಲಿತ, ವೀಡಿಯೋ ನೋಡಿ ಕಲಿತ, ಮಾಡಿದ್ದು ಅಳಿಸಿಹೋಗಿ ಕಣ್ಣಲ್ಲಿ ನೀರು ಹಾಕಿಕೊಂಡೂ ಕಲಿತ. ಕೊನೆಗೆ ನಾಲ್ಕು ಲೈನಿಗೆ ನಾಲ್ಕು ಚೌಕಗಳು ಸಿದ್ಧವಾದವು. ಯಂತ್ರ ಎಷ್ಟು ಹೊತ್ತು ಓಡಿತು, ಎಷ್ಟು ವೇಗದಲ್ಲಿ ಓಡಿತು, ಹೊರಬಂದದ್ದರಲ್ಲಿ ಒಳ್ಳೆಯದೆಷ್ಟು, ಈ ಮೂರನ್ನೂ ಗುಣಿಸಿ ಚೌಕಕ್ಕೊಂದು ಅಂಕಿ. ಎಂಬತ್ತು ದಾಟಿದರೆ ಹಸಿರು, ಎಪ್ಪತ್ತರ ಮೇಲಿದ್ದರೆ ಹಳದಿ, ಕೆಳಗಿಳಿದರೆ ಕೆಂಪು. ಚೌಕದ ಕೆಳಗೆ ಯಾರೂ ಕೇಳದ ಒಂದು ಸಾಲನ್ನು ತಾನಾಗಿಯೇ ಸೇರಿಸಿದ. ಯಂತ್ರ ಎಷ್ಟು ಸಲ ನಿಂತಿತು, ಯಾಕೆ ನಿಂತಿತು ಎನ್ನುವ ಸಾಲು ಅದು. ಆ ಸಾಲು ಬರೆಯುವಾಗ ಅವನ ಮನಸ್ಸಿನಲ್ಲಿದ್ದದ್ದು ಅಕ್ಕನ ಕೈ.

ಮರುದಿನ ಊಟದ ಬಿಡುವಿನಲ್ಲಿ ಹಿಂಬಾಗಿಲ ಮೆಟ್ಟಿಲ ಮೇಲೆ ಅಕ್ಕನ ಪಕ್ಕ ಕೂತ. ಎರಡನೇ ಲೈನಿನ ಮುಖ್ಯಸ್ಥೆ, ದಪ್ಪ ಕನ್ನಡಕದವಳು, ಅಲ್ಲೇ ಇದ್ದಳು.

"ಅಕ್ಕಾ, ಇನ್ನು ಕ್ರೇಟು ಬೇಡ."

"ಯಾಕೋ? ಮ್ಯಾನೇಜರ್‌ಗೆ ಗೊತ್ತಾಯ್ತಾ?"

"ಇಲ್ಲ. ಗೊತ್ತಾಗ್ಲಿ ಅಂತಾನೇ ಹೇಳ್ತಿರೋದು. ಇಷ್ಟು ವರ್ಷ ನಾವೇ ಮುಚ್ಚಿಟ್ಟಿದ್ದೀವಿ. ಹಲಗೆ ಮೇಲೆ ಎಲ್ಲಾ ಸರಿ ಇದೆ ಅಂತ ಬರೆದು, ಅರ್ಜೀಲಿ ಯಂತ್ರ ಸರಿ ಇಲ್ಲ ಅಂದ್ರೆ ಯಾರು ನಂಬ್ತಾರೆ? ಇದ್ದದ್ದು ಇದ್ದ ಹಾಗೆ ಬರೆಸು. ಎರಡು ನಿಮಿಷ ನಿಂತ್ರೂ ಬರೆಸು. ಕೆಂಪು ಬರ್ಲಿ. ಕೆಳಗಡೆ ಕಾರಣಾನೂ ಬರುತ್ತಲ್ಲ, 'ಮುಚ್ಚಳ ಅಂಟಿತು, ಮುಚ್ಚಳ ಅಂಟಿತು' ಅಂತ. ಮೂರು ತಿಂಗಳು ಕಣ್ಣಿಗೆ ರಾಚಿದ್ರೆ ಹೊಸ ಯಂತ್ರ ತರ್ದೆ ಎಲ್ಲಿ ಹೋಗ್ತಾರೆ?"

ಕನ್ನಡಕದವಳು ಡಬ್ಬಿಯ ಮುಚ್ಚಳ ಒತ್ತುತ್ತ, "ಕೆಂಪು ನೋಡಿದ್ರೆ ಕೊಡ್ತಾರೋ ಕಿತ್ಕೋತಾರೋ, ಯಾರಿಗೆ ಗೊತ್ತು? ಅಕ್ಕ, ಸುಮ್ನೆ ಇರು. ನಮ್ಗೇನು ಕ್ರೇಟು ಭಾರ ಆಗಿಲ್ಲ" ಎಂದಳು.

ಅಕ್ಕನ ನಿವೃತ್ತಿಗೆ ಇನ್ನು ಮೂರೇ ವರ್ಷ. ಕಣ್ಣುಮುಚ್ಚಿ ದೂಡಿಬಿಡಬಹುದಿತ್ತು. ಆದರೆ ಅವಳ ಕೈಕೆಳಗೆ ಆರು ಜನ ಇದ್ದರು, ಅವರಲ್ಲಿ ನಾಲ್ವರಿಗೆ ಮೂವತ್ತೂ ದಾಟಿರಲಿಲ್ಲ. ಆ ಕಡ್ಡಿ ನಾಳೆ ಅವರ ಕೈಗೆ ಹೋಗುವಂಥದ್ದು. "ನನ್ ಕೈಯಂತೂ ಹೋಯ್ತು, ಅವರದಾದ್ರೂ ಉಳೀಲಿ" ಎಂದಳು. ಆಮೇಲೆ ಕನ್ನಡಕದವಳ ಕಡೆ ತಿರುಗಿ, "ನಮ್ಮೋನು ಹೇಳ್ತಿದ್ದಾನೆ ಅಂದ್ರೆ ಲೆಕ್ಕ ಹಾಕೇ ಹೇಳ್ತಿರ್ತಾನೆ" ಎಂದಳು.

ಕ್ರೇಟು ನಿಂತಿತು. ಟಿವಿ ಹೊತ್ತಿಕೊಂಡ ಮೊದಲ ದಿನವೇ ನಾಲ್ಕನೇ ಚೌಕ ಅರವತ್ತೆರಡಕ್ಕೆ ಬಂದು ಕೂತಿತು. ಮಿಕ್ಕ ಮೂರು ಹಸಿರು, ಅದೊಂದು ಕೆಂಪು. ಅದರ ಕೆಳಗೆ, 'ನಿಂತದ್ದು 31 ಸಲ, ಮುಚ್ಚಳ ಅಂಟಿತು.' ನಾಲ್ಕನೇ ಲೈನಿನ ಹೆಂಗಸರು ಬಂದು ನೋಡಿ ನಕ್ಕರು. ತಮ್ಮ ಕಷ್ಟ ಹೀಗೆ ಗೋಡೆ ಮೇಲೆ ಬಂದದ್ದು ಅವರಿಗೆ ಒಂಥರಾ ಖುಷಿಯೇ. ದಿನಾ ಬೆಳಿಗ್ಗೆ ಒಬ್ಬಳು "ಇವತ್ತೆಷ್ಟು ಕೆಂಪು ಅಣ್ಣಾ?" ಎನ್ನುವಳು. ಪರ್ಸೆಂಟಪ್ಪ ಹುಬ್ಬೇರಿಸಿ, "ಚೆನ್ನಾಗಿ ಕೆಂಪಗಿದೆ, ಯೋಚನೆ ಬೇಡ" ಎನ್ನುವನು. ಕೆಂಪು ಹೆಚ್ಚಿದಷ್ಟೂ ಹೊಸ ಯಂತ್ರ ಹತ್ತಿರವಾಯಿತೆಂದು ಏಳು ಜನ ಹೆಂಗಸರೂ ಒಬ್ಬ ಗಂಡಸೂ ಎರಡು ತಿಂಗಳು ಸಂಭ್ರಮಪಟ್ಟರು. ಇಂಥ ಸಂಭ್ರಮ ಬೇರೆ ಯಾವ ಕಾರ್ಖಾನೆಯಲ್ಲಾದರೂ ನಡೆದಿದೆಯೋ ಇಲ್ಲವೋ.

ಮೂರನೇ ತಿಂಗಳಲ್ಲಿ ಮುಖ್ಯ ಕಚೇರಿಯಿಂದ ದೊಡ್ಡವರು ಬರುತ್ತಾರೆಂದು ಸುದ್ದಿ ಬಂತು. ಪರ್ಸೆಂಟಪ್ಪನ ಎದೆ ಉಬ್ಬಿತು. ಇನ್ನೇನು, ಬಂದೇ ಬಿಟ್ಟಿತು! ಅವರು ಬರುವ ಎರಡು ದಿನ ಮೊದಲು ಮ್ಯಾನೇಜರು ಬಾಗಿಲ ಬಳಿ ನಿಂತು ಕಣ್ಣು ಕಿರಿದು ಮಾಡಿ ಟಿವಿ ನೋಡಿದರು.

"ಇಲ್ಲಿಂದ ಅಂಕಿ ಕಾಣಲ್ಲ ರೀ. ಅಕ್ಷರ ದೊಡ್ಡದು ಮಾಡಿ."

"ಜಾಗ ಸಾಲಲ್ಲ ಸಾರ್."

"ಕೆಳಗೆ ಏನೋ ಸಾಲು ಸಾಲು ಇದೆಯಲ್ಲ, ಅದನ್ನ ತೆಗೀರಿ. ಅವರು ನಿಂತ್ಕೊಂಡು ಓದ್ತಾರಾ? ಬಂದು ಒಂದು ನಿಮಿಷ ನೋಡ್ತಾರೆ, ಹೋಗ್ತಾರೆ."

"ಆಯ್ತು ಸಾರ್" ಎಂದ. ಹತ್ತು ನಿಮಿಷದ ಕೆಲಸ. ಕಾರಣದ ಸಾಲು ಹೋಯಿತು, ಅಂಕಿಗಳು ಅಂಗೈ ಅಗಲವಾದವು, ಬಾಗಿಲಿನಿಂದಷ್ಟೇ ಅಲ್ಲ, ಅಂಗಳದಿಂದಲೂ ಕಾಣುವಂತಾದವು. ಅವನು ದೂರ ನಿಂತು ನೋಡಿ, ಚೆನ್ನಾಗಿದೆ ಎಂದೇ ಅಂದುಕೊಂಡ. ಇಲ್ಲಿ ಅವನ ಕಿವಿ ಹಿಂಡಿ ಎಬ್ಬಿಸುವವರು ಯಾರಾದರೂ ಇರಬೇಕಿತ್ತು, ಇರಲಿಲ್ಲ.

ದೊಡ್ಡವರು ಮೂವರು ಬಂದರು. ಟಿವಿಯ ಮುಂದೆ ಒಂದು ನಿಮಿಷ ನಿಂತರು. ಅವರ ಬೆನ್ನ ಹಿಂದೆಯೇ, ಹದಿನೈದು ಅಡಿ ದೂರದಲ್ಲಿ, ಅಕ್ಕ ಯಂತ್ರದ ಬಾಗಿಲು ತೆಗೆದು ಕಡ್ಡಿ ಹಾಕಿ ಮುಚ್ಚಳ ಎಬ್ಬಿಸುತ್ತಿದ್ದಳು. ಒಬ್ಬರೂ ತಿರುಗಿ ನೋಡಲಿಲ್ಲ. ಆಮೇಲೆ ಮೀಟಿಂಗ್ ಕೋಣೆಯಲ್ಲಿ ಅದೇ ನಾಲ್ಕು ಚೌಕ ಗೋಡೆಯ ಮೇಲೆ ಬಿತ್ತು. ತೋರಿಸಲೆಂದು ಪರ್ಸೆಂಟಪ್ಪನನ್ನೂ ಕೂರಿಸಿಕೊಂಡಿದ್ದರು.

"ಈ ನಾಲ್ಕನೇದವರು ಯಾಕೆ ಹೀಗೆ? ಕೆಲಸ ಮಾಡಲ್ವಾ?" ಎಂದರು ಆ ಮೂವರಲ್ಲಿ ಹಿರಿಯರು.

"ಸಾರ್, ಅದು ಯಂತ್ರ..." ಎಂದು ಪರ್ಸೆಂಟಪ್ಪ ಶುರುಮಾಡಿದ.

"ಅಲ್ಲಿರೋರೆಲ್ಲ ಹಳಬರು ಸಾರ್" ಎಂದು ಮ್ಯಾನೇಜರು ನಡುವೆ ಬಾಯಿ ಹಾಕಿದರು. ಹಿರಿಯರು ಚೌಕವನ್ನೇ ನೋಡುತ್ತ, "ಇದು ಇಲ್ಲದಿದ್ರೆ ಒಟ್ಟು ಎಷ್ಟಾಗುತ್ತೆ?" ಎಂದು ಕೇಳಿದರು.

ಲೆಕ್ಕದ ಪ್ರಶ್ನೆ. ಲೆಕ್ಕದ ಪ್ರಶ್ನೆಗೆ ಉತ್ತರ ಕೊಡದೆ ಕೂತದ್ದು ಅವನ ಜನ್ಮದಲ್ಲಿಲ್ಲ. ಕೈ ತಾನಾಗಿಯೇ ಮೌಸಿಗೆ ಹೋಗಿ ನಾಲ್ಕನೇ ಲೈನಿನ ಹೆಸರಿನ ಮುಂದಿದ್ದ ಟಿಕ್ ಗುರುತನ್ನು ತೆಗೆಯಿತು. ಮೂರು ಚೌಕಗಳು ಅಗಲವಾಗಿ ಸರಿದು ಜಾಗ ತುಂಬಿಕೊಂಡವು. ಮೇಲಿನ ಒಟ್ಟು ಅಂಕಿ ಎಂಬತ್ತರಿಂದ ಎಂಬತ್ತಾರಕ್ಕೆ ಏರಿತು.

"ಅಬ್ಬಾ, ಎಷ್ಟು ಸುಲಭವಾಗಿ ತೋರಿಸ್ತೀರಿ! ಇದನ್ನ ಮಾಡಿದ್ದು ಯಾರು?" ಎಂದರು ಹಿರಿಯರು. ಮ್ಯಾನೇಜರು ಅವನ ಬೆನ್ನು ತಟ್ಟಿದರು. ಎಲ್ಲರೂ ಚಪ್ಪಾಳೆ ಹೊಡೆದರು. ಅವನು ನಕ್ಕ ಕೂಡ. ಆ ನಗು ಮುಖದ ಮೇಲಿರುವಾಗಲೇ ನಾಲ್ಕನೇ ಚೌಕವಿದ್ದ ಜಾಗದ ಕಡೆ ನೋಡಿದ. ಮತ್ತೆ ಯಂತ್ರದ ಮಾತೆತ್ತಲು ಬಾಯಿ ತೆರೆಯುವಷ್ಟರಲ್ಲಿ ಅವರು ಎದ್ದಾಗಿತ್ತು.

ನಾಲ್ಕನೇ ಲೈನು ತಿಂಗಳ ಕೊನೆಗೆ ಮುಚ್ಚುತ್ತದೆಂದು, ದೊಡ್ಡವರು ಬಂದುಹೋದ ಒಂಬತ್ತನೇ ದಿನ, ಸೂಚನಾ ಫಲಕದಲ್ಲಿ ಕಾಗದ ಅಂಟಿಸಿದರು. ಏಳು ಜನಕ್ಕೂ ಬೇರೆ ಲೈನಿನಲ್ಲಿ ಜಾಗವಿಲ್ಲ. ಪರ್ಸೆಂಟಪ್ಪ ಮ್ಯಾನೇಜರ ಕೋಣೆಗೆ ಓಡಿದ. ಮೂರು ತಿಂಗಳ ಕಾರಣಗಳನ್ನೆಲ್ಲ ಅಚ್ಚು ಹಾಕಿಸಿ ಹಿಡಿದುಕೊಂಡಿದ್ದ, ಎಪ್ಪತ್ತು ಹಾಳೆ. ಅವರು ಮೊದಲ ಹಾಳೆ ನೋಡಿದರು. "ಇದನ್ನ ಆವತ್ತೇ ತೋರಿಸ್ಬೇಕಿತ್ತು ರೀ" ಎಂದರು. ದನಿಯಲ್ಲಿ ಕೋಪವೂ ಇರಲಿಲ್ಲ.

ಕೊನೆಯ ದಿನ ಕನ್ನಡಕದವಳು ಅವನ ಎದುರಿಗೇ ಬಂದರೂ ಮಾತಾಡಿಸದೆ ಹೋದಳು. ಇವತ್ತೆಷ್ಟು ಕೆಂಪು ಎಂದು ಕೇಳುತ್ತಿದ್ದವಳು ತನ್ನ ಡಬ್ಬಿ, ಚಪ್ಪಲಿ ಚೀಲಕ್ಕೆ ತುಂಬಿಕೊಂಡು ಗೇಟಿನವರೆಗೆ ಅಳುತ್ತಲೇ ನಡೆದಳು. ಯಂತ್ರವನ್ನು ಬಿಚ್ಚಲು ಮರುವಾರ ಜನ ಬಂದರು. ಅರ್ಧ ದಿನದಲ್ಲಿ ಬಿಚ್ಚಿ ಲಾರಿಗೆ ಹೇರಿದರು. ನೆಲದ ಮೇಲೆ ನಾಲ್ಕು ಬೋಲ್ಟಿನ ತೂತು ಉಳಿದವು.

ಎರಡು ಭಾನುವಾರ ಅವನು ಅಕ್ಕನ ಮನೆ ಕಡೆ ತಲೆ ಹಾಕಲಿಲ್ಲ. ಮೂರನೆಯ ಭಾನುವಾರ ಹೆಂಡತಿ, "ಹೋಗಿ ಬೈಸ್ಕೊಂಡಾದ್ರೂ ಬನ್ನಿ, ಹೀಗೆ ಗೋಡೆ ನೋಡ್ಕೊಂಡು ಎಷ್ಟು ದಿನ ಕೂರ್ತೀರಾ?" ಎಂದು ತಳ್ಳಿ ಕಳಿಸಿದಳು. ಎರಡು ಬೀದಿ ದೂರ. ದಾರಿಯುದ್ದಕ್ಕೂ ಒಂದೇ ಮಾತು ಜೋಡಿಸಿಕೊಂಡ. ಕಾರಣದ ಸಾಲು ತೆಗೆದವನು ನಾನೇ, ಅಕ್ಕಾ. ಅವಳಿಗೆ ಅದು ತಿಳಿದಿರಲಾರದು, ತಿಳಿದರೆ ಮುಖ ನೋಡಲಾರಳು ಎಂದುಕೊಂಡ. ಆದರೂ ಹೇಳಿಬಿಡಬೇಕು.

ಅಕ್ಕ ಕಿಟಕಿಯ ಪಕ್ಕ ಹಳೆ ಬಟ್ಟೆ ಹೊಲಿಯುತ್ತ ಕೂತಿದ್ದಳು. ಹೊಸ ಕೆಲಸ ಕೇಳಿಕೊಂಡು ನಾಲ್ಕು ಕಡೆ ಹೋಗಿ ಬಂದಿದ್ದಳಂತೆ. ನಾಲ್ಕು ಕಡೆಯೂ ವಯಸ್ಸು ಕೇಳಿದ್ದರಂತೆ. "ಬಾ, ಕೂತ್ಕೋ" ಎಂದಳು. ನೀರು ಕೊಟ್ಟಳು. ಅವನು ಲೋಟ ಕೆಳಗಿಟ್ಟು, ಅವಳ ಮುಖ ನೋಡದೆ, ಒಂದೇ ಉಸಿರಿಗೆ ಹೇಳಿಬಿಟ್ಟ.

ಅಕ್ಕ ಸೂಜಿ ನಿಲ್ಲಿಸಲಿಲ್ಲ.

"ಗೊತ್ತು ಕಣೋ. ತೆಗೆದ ದಿನ ಬೆಳಿಗ್ಗೇನೇ ನೋಡ್ದೆ. ನಮ್ಮ ಹುಡುಗೀರು ಗಾಬರಿಯಾಗಿ, ಅಣ್ಣನ ಹತ್ರ ಹೋಗಿ ಕೇಳೋಣ ಅಂತ ಹೊರಟಿದ್ರು. ನಾನೇ ತಡೆದೆ. ಸುಮ್ನಿರಿ, ಏನೋ ಯೋಚನೆ ಮಾಡೇ ತೆಗೆದಿರ್ತಾನೆ, ಅವನಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತೆ ಅಂದೆ." ದಾರವನ್ನು ಹಲ್ಲಿನಿಂದ ಕಡಿದು ಅವನ ಕಡೆ ನೋಡಿದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ, ಇದ್ದದ್ದು ಬರೀ ಕುತೂಹಲ. "ಏನು ಯೋಚನೆ ಮಾಡಿ ತೆಗೆದೆ?"

ಅವನು ಏನೂ ಯೋಚನೆ ಮಾಡಿರಲಿಲ್ಲ. ಅಕ್ಷರ ದೊಡ್ಡದಾಗಲಿ ಎಂದಿದ್ದರು, ದೊಡ್ಡದು ಮಾಡಿದ್ದ.