ಬೋರ್ಡಕ್ಕನ ನೇರಳೆ ದೀಪ

ಯಾರ ಮನೆಗೆ ಹೋದರೂ ಬೋರ್ಡಕ್ಕ ಮೊದಲು ನೋಡುತ್ತಿದ್ದುದು ಮನೆಯವರ ಮುಖವನ್ನಲ್ಲ, ಚಾವಣಿಯನ್ನು. ದೀಪ ಎಲ್ಲಿದೆ, ಮಿಣುಕುತ್ತಿದೆಯೇ, ಯಾವ ಮೂಲೆ ಕತ್ತಲಾಗಿದೆ ಎಂದು ಲೆಕ್ಕ ಹಾಕಿ ಮುಗಿದ ಮೇಲೆಯೇ "ಚೆನ್ನಾಗಿದ್ದೀರಾ?" ಎಂದು ಕೇಳುತ್ತಿದ್ದಳು. ಇಪ್ಪತ್ತಾರು ವರ್ಷ ಅಂಗಡಿಗಳ ನೆತ್ತಿಯ ಮೇಲೆ ಹೊಳೆಯುವ ಬೋರ್ಡು ಮಾಡಿದ ಹೆಂಗಸಿಗೆ ಈ ಚಾಳಿ ಬಾರದೆ ಇನ್ನೇನು ಬಂದೀತು? ಔಷಧಿ ಅಂಗಡಿಯ ಹಸಿರು ಗುರುತು, ಕನ್ನಡಕದ ಅಂಗಡಿಯ ಕಣ್ಣು ಮಿಟುಕಿಸುವ ಕನ್ನಡಕ, ಎಲ್ಲ ಅವಳ ಕೈಯವೇ. ಪ್ರತಿ ಬೋರ್ಡಿನ ಬಲಮೂಲೆಯಲ್ಲಿ ತನ್ನ ಫೋನ್ ನಂಬರನ್ನು ಸಣ್ಣದಾಗಿ ಬರೆಯುವುದನ್ನು ಮಾತ್ರ ಅವಳು ಎಂದೂ ಮರೆತವಳಲ್ಲ. ನಾಲ್ಕು ಜನ ತಲೆಯೆತ್ತಿ ನೋಡದಿದ್ದರೆ ಅದು ಬೆಳಕೇ ಅಲ್ಲ ಎಂಬುದು ಅವಳ ಖಡಾಖಂಡಿತ ಅಭಿಪ್ರಾಯ.

ಅವಳ ತಂಗಿ ಹೊಲಿಗೆ ಕಾರ್ಖಾನೆಯ ಕೆಲಸ ಬಿಟ್ಟು, ಮುಚ್ಚಿಹೋದ ಚಪ್ಪಲಿ ಅಂಗಡಿಯ ನೆಲಮಾಳಿಗೆ ಹಿಡಿದು, ಸಲಾಡಿಗೆ ಹಾಕುವ ಲೆಟ್ಯೂಸ್ ಸೊಪ್ಪು ಬೆಳೆಯಲು ಹೊರಟಳು. ಹೆಸರಿಗೊಂದು ಕಿಟಕಿಯೂ ಇಲ್ಲದ ಕೋಣೆ. ದೊಡ್ಡ ಹೋಟೆಲಿನ ಶೆಫ್ ಒಬ್ಬರು "ನಾಲ್ಕು ವಾರ ಬಿಟ್ಟು ಬಂದು ನೋಡ್ತೀನಿ. ಎಲೆ ಹಿಡಿಸಿದ್ರೆ ವಾರವಾರವೂ ನಿಮ್ಮಿಂದ್ಲೇ ತಗೋತೀನಿ" ಎಂದಿದ್ದರು. ಅವರು ಬೇಡವೆಂದರೆ ಕೋಣೆಯ ಬೀಗದ ಕೈ ಮರಳಿಸಿ ಮತ್ತೆ ಹೊಲಿಗೆ ಮೆಷಿನ್ನಿನ ಮುಂದೆ ಕೂರುವುದೆಂದು ತಂಗಿ ತನಗೆ ತಾನೇ ಗಡುವು ಹಾಕಿಕೊಂಡಿದ್ದಳು.

"ಅಕ್ಕ, ಗಿಡಕ್ಕೆ ಲೈಟ್ ಬೇಕು" ಎಂದಳು. ಅಷ್ಟು ಹೇಳಿದ್ದೇ ತಡ, ಬೋರ್ಡಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮರುದಿನವೇ ಇಬ್ಬರೂ ದೀಪದ ಅಂಗಡಿಯಲ್ಲಿದ್ದರು.

"ಇನ್ನೂರು ವ್ಯಾಟ್ ಮೇಡಂ, ಕಣ್ಮುಚ್ಕೊಂಡು ತಗೊಳ್ಳಿ" ಎಂದ ಅಂಗಡಿಯವನು.

"ಕಣ್ಣು ಯಾಕ್ರೀ ಮುಚ್ಕೋಬೇಕು? ವ್ಯಾಟ್ ಅಂದ್ರೆ ಕರೆಂಟ್ ಎಷ್ಟು ತಿನ್ನತ್ತೆ ಅಂತ. ಬೆಳಕು ಎಷ್ಟು ಕೊಡತ್ತೆ ಅದನ್ನ ಹೇಳಿ." ಬೋರ್ಡಕ್ಕ ದೀಪವನ್ನು ಮಗುಚಿ ಬೆನ್ನು ಸವರಿದಳು. "ಶಾಖ ಹೋಗಕ್ಕೆ ಒಂದು ಅಲ್ಯೂಮಿನಿಯಂ ಪಟ್ಟಿನೂ ಇಲ್ಲ! ಆರು ತಿಂಗಳು ಬದುಕಿದ್ರೆ ಹೆಚ್ಚು. ನಡಿಯೇ, ನಾನೇ ಮಾಡ್ತೀನಿ."

ಮಾಡಿದಳು ಕೂಡ. ಎಲೆ ಊಟ ತಯಾರಿಸಿಕೊಳ್ಳಲು ಕೆಂಪು, ನೀಲಿ ಬೆಳಕನ್ನೇ ಹೆಚ್ಚು ಬಳಸುತ್ತದೆಂದು ಓದಿಕೊಂಡು, ನಾಲ್ಕು ಕೆಂಪಿಗೊಂದು ನೀಲಿಯಂತೆ ಎಲ್ಇಡಿಗಳನ್ನು ಪಟ್ಟಿಯ ಮೇಲೆ ಬೆಸೆದು, ಅಡಿಭಾಗದ ಬಲಮೂಲೆಗೆ ಫೋನ್ ನಂಬರಿನ ಚೀಟಿಯನ್ನೂ ಅಂಟಿಸಿ, ತಂಗಿ ಸಸಿಗಳ ತಟ್ಟೆ ಜೋಡಿಸಿದ್ದ ಗೂಡುಗಳ ಮೇಲೆ ತೂಗುಹಾಕಿದಳು. ಸ್ವಿಚ್ ಒತ್ತಿದರೆ ಕೋಣೆಯೆಲ್ಲ ನೇರಳೆ! ತಂಗಿಯ ಹಲ್ಲು ನೇರಳೆ, ಬಕೆಟ್ಟು ನೇರಳೆ, ಗೋಡೆಗೆ ಹತ್ತಿದ ಜೇಡನೂ ನೇರಳೆ. ಅಕ್ಕತಂಗಿಯರು ಚಪ್ಪಾಳೆ ತಟ್ಟಿಕೊಂಡು ನಕ್ಕರು.

ನಗು ನಿಲ್ಲಿಸಿದ್ದು ಬೋರ್ಡಕ್ಕನ ಮೀಟರು. ಬೆಳಕು ಅಳೆಯುವ ಆ ಹಳೆಯ ಪೆಟ್ಟಿಗೆಯನ್ನು ಅವಳು ಹೆತ್ತ ಮಗುವಿಗಿಂತ ಹೆಚ್ಚು ನಂಬಿದ್ದಳು. ಬೆಳಕು ಕಡಿಮೆಯಾಯಿತೆಂದು ತಕರಾರು ತೆಗೆದ ಎಷ್ಟೋ ಅಂಗಡಿಯವರ ಬಾಯಿಯನ್ನು ಅದು ಮುಚ್ಚಿಸಿತ್ತು. ಸೊಪ್ಪಿಗೆ ಹತ್ತು ಸಾವಿರ ಲಕ್ಸ್ ಬೆಳಕು ಬೇಕೆಂದು ಅವಳು ಓದಿದ್ದಳು. ಮೀಟರು ತೋರಿಸಿದ್ದು ಸಾವಿರದ ಆರುನೂರು.

"ಇದೇನಿದು, ಬರೀ ಮೊಂಬತ್ತಿ ಬೆಳಕು!" ಎಂದು ಪಟ್ಟಿಗಳನ್ನು ಮೂರು ಪಟ್ಟು ಮಾಡಿ, ದೀಪವನ್ನು ಎಲೆಗಳಿಂದ ಒಂದು ಗೇಣಿನ ಎತ್ತರಕ್ಕೆ ಇಳಿಸಿದಳು. ಐದನೆಯ ದಿನ ಎಲೆಗಳು ಬಿಳಿಚಿಕೊಂಡು ಅಂಚು ಮುದುರಿದವು. "ಬೆಳಕು ಸಾಲ್ತಿಲ್ಲ ಕಣೇ, ಅದಕ್ಕೇ ಹೀಗೆ" ಎಂದು ಇನ್ನೂ ನಾಲ್ಕು ಬೆರಳು ಕೆಳಗಿಳಿಸಿದಳು. ಆಮೇಲೂ ಬಿಳಿಚಿದಾಗ "ನೀರು ಜಾಸ್ತಿ ಮಾಡ್ತಿದೀಯ ಅನ್ಸತ್ತೆ" ಎಂದಳು. ತಂಗಿ ನೀರು ಕಡಿಮೆ ಮಾಡಿದಳು. ಗೊಬ್ಬರ ಬದಲಾಯಿಸಿದಳು. ನಾಲ್ಕು ಸಲ ಕೈ ತೊಳೆದುಕೊಂಡು ಗಿಡ ಮುಟ್ಟತೊಡಗಿದಳು, ಪಾಪ.

ಹನ್ನೆರಡನೆಯ ದಿನ ಬೆಳಗ್ಗೆ ತಂಗಿ ಮೆಟ್ಟಿಲ ಮೇಲೆ ಬೀಗದ ಕೈ ಹಿಡಿದು ಕೂತಿದ್ದಳು.

"ನನ್ನ ಕೈಯಲ್ಲಿ ಏನೂ ಬದುಕಲ್ಲ ಅಕ್ಕ. ಹೊಲಿಗೆಗೇ ವಾಪಸ್ ಹೋಗ್ತೀನಿ. ಇದನ್ನ ಕೊಟ್ಬಿಡೋಣ."

ಬೋರ್ಡಕ್ಕ ಕಸಕ್ಕೆ ಹಾಕಬೇಕಾದ ತಟ್ಟೆಗಳನ್ನಾದರೂ ಎತ್ತೋಣವೆಂದು ಒಳಗೆ ಹೋದಳು. ಗೂಡುಗಳಲ್ಲಿ ಜಾಗ ಸಾಲದೆ, ಉಳಿದ ಸಸಿಗಳ ತಟ್ಟೆಯನ್ನು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಇಟ್ಟು ಮರೆತಿದ್ದರು. ಅದನ್ನು ಎತ್ತಲು ಬಗ್ಗಿದವಳು ಬಗ್ಗಿದಂತೆಯೇ ನಿಂತಳು. ಒತ್ತೊತ್ತಾಗಿ, ಕುಳ್ಳಗೆ, ಗಟ್ಟಿಯಾಗಿ ಬೆಳೆದ ಎಲೆಗಳು! ಮೀಟರು ಹಿಡಿದು ನೋಡಿದಳು. ಅದೇ ಮೊಂಬತ್ತಿ ಬೆಳಕು, ಸಾವಿರದ ಆರುನೂರು.

ಮೀಟರಿನ ಚೀಲದ ತಳದಲ್ಲಿ ಹದಿನೆಂಟು ವರ್ಷದಿಂದ ಮಡಿಸಿಯೇ ಇದ್ದ ಕಾಗದವನ್ನು ಅವಳು ಮೊದಲ ಬಾರಿಗೆ ಬಿಡಿಸಿದಳು. ಎರಡನೆಯ ಸಾಲಿನಲ್ಲೇ ಇತ್ತು: ಈ ಸಾಧನ ಅಳೆಯುವುದು ಮನುಷ್ಯನ ಕಣ್ಣಿಗೆ ಕಾಣುವ ಬೆಳಕನ್ನು. ನಮ್ಮ ಕಣ್ಣು ಹಸಿರಿಗೆ ಚುರುಕು, ಗಾಢ ಕೆಂಪಿಗೂ ನೀಲಿಗೂ ಮಂದ. ಗಿಡ ಹೊಟ್ಟೆ ತುಂಬಾ ಉಣ್ಣುತ್ತಿದ್ದ ಬೆಳಕು ಮೀಟರಿನ ಲೆಕ್ಕಕ್ಕೇ ಬಂದಿರಲಿಲ್ಲ. ಸಾಲದು ಸಾಲದು ಎಂದು ತುರುಕಿ ತುರುಕಿ ಅವಳೇ ಎಲೆಗಳನ್ನು ಸುಟ್ಟಿದ್ದಳು.

ಅವಳು ಮೆಟ್ಟಿಲು ಹಾರಿಕೊಂಡು ಬಂದಳು. "ತಪ್ಪು ನಂದು ಕಣೇ! ಪೂರ್ತಿ ನಂದೇ! ನಿನ್ನ ಕೈಗೆ ಏನೂ ಆಗಿಲ್ಲ!" ತನ್ನ ತಪ್ಪಿಗೆ ಹೀಗೆ ಕುಣಿದಾಡಿದವರನ್ನು ತಂಗಿ ಅದುವರೆಗೆ ಕಂಡಿರಲಿಲ್ಲ. ವಿಷಯ ತಿಳಿದ ಮೇಲೆ ಅವಳು ಅಕ್ಕನ ಬೆನ್ನಿಗೆ ಒಂದು ಗುದ್ದು ಕೊಟ್ಟಳು, ಆಮೇಲೆ ಅತ್ತಳು, ಆಮೇಲೆ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮಧ್ಯಾಹ್ನಕ್ಕೆ ಕೃಷಿ ಕಾಲೇಜಿನ ಮೇಷ್ಟ್ರೊಬ್ಬರಿಂದ ಸರಿಯಾದ ಮೀಟರು ಬಂತು. ಎಲೆಯ ಮೇಲೆ ಬೀಳುವ, ಎಲೆಗೆ ಬೇಕಾದ ಬೆಳಕನ್ನಷ್ಟೇ ಎಣಿಸುವ ಮೀಟರು. ಗೂಡಿನಲ್ಲಿ ಒಂಬೈನೂರು, ಸ್ಟೂಲಿನ ಮೇಲೆ ಇನ್ನೂರಿಪ್ಪತ್ತು. "ಲೆಟ್ಯೂಸಿಗೆ ಇನ್ನೂರು, ಇನ್ನೂರೈವತ್ತು ಸಾಕಮ್ಮಾ. ನೀವು ಅದನ್ನ ಹುರಿದಿದ್ದೀರಿ" ಎಂದು ಮೇಷ್ಟ್ರು ಫೋನಿನಲ್ಲಿ ನಕ್ಕರು. ಬೋರ್ಡಕ್ಕ ಪಟ್ಟಿಗಳನ್ನು ಕಿತ್ತು, ದೀಪ ಮೇಲೇರಿಸಿ, ಗೂಡಿನ ನಡುವೆಯೂ ಅಂಚಿನಲ್ಲೂ ಸಮನಾಗಿ ಬೆಳಕು ಬೀಳುವಂತೆ ರಾತ್ರಿಯವರೆಗೂ ಹೊಂದಿಸಿದಳು. ಸ್ಟೂಲಿನ ಒತ್ತೊತ್ತು ಸಸಿಗಳನ್ನು ತಂಗಿ ಬಿಡಿಬಿಡಿಯಾಗಿ ನಾಲ್ಕೂ ಗೂಡುಗಳಿಗೆ ಹಂಚಿ ನೆಟ್ಟಳು. "ಈ ನೇರಳೆಯಲ್ಲಿ ಹುಳ ಬಿದ್ರೂ ಕಾಣಲ್ಲ ಅಕ್ಕ" ಎಂದು ತಂಗಿ ಹೇಳಿದ್ದಕ್ಕೆ, ಬೇರೆ ಸ್ವಿಚ್ಚಿನ ಒಂದು ಸಾಲು ಬಿಳಿ ಎಲ್ಇಡಿಗಳನ್ನೂ ಕೂಡಿಸಿದಳು. ಕೆಲಸ ಮಾಡುವವರಿಗೂ ಕಣ್ಣಿದೆಯಲ್ಲ!

ಇಪ್ಪತ್ತೆಂಟನೆಯ ದಿನ ಶೆಫ್ ಬಂದರು. ಬಾಗಿಲಲ್ಲೇ ಮುಖ ಕಿವುಚಿ "ಎಲೆ ಎಲ್ಲಾ ಕಪ್ಪಗಿದೆಯಲ್ಲ?" ಎಂದರು. ಬೋರ್ಡಕ್ಕ ಬಿಳಿ ಸ್ವಿಚ್ ಒತ್ತಿದಳು. ನಾಲ್ಕು ಗೂಡುಗಳ ತುಂಬ ತಿಳಿಹಸಿರು ಧಿಗ್ಗನೆ ಎದ್ದು ನಿಂತಿತು. ಶೆಫ್ ಒಂದು ಎಲೆ ಮುರಿದರು. ಅದು ಟಕ್ಕೆಂದಿತು. ಅಗಿದರು, ಇನ್ನೊಂದು ಮುರಿದು ಬಾಯಿಗೆ ಹಾಕಿಕೊಂಡರು.

"ಮಂಗಳವಾರದಿಂದ ಕಳಿಸಕ್ಕಾಗತ್ತಾ?"

ತಂಗಿ ಹೂಂ ಎಂದು ತಲೆಯಾಡಿಸಿದಳು. ಶೆಫ್ ಕತ್ತೆತ್ತಿ ದೀಪ ನೋಡಿದರು. "ಸೊಗಸಾಗಿದೆ. ಯಾರ್ರೀ ಮಾಡಿದ್ದು ಈ ಲೈಟು?"

ಇಪ್ಪತ್ತಾರು ವರ್ಷ ಈ ಪ್ರಶ್ನೆಗಾಗಿಯೇ ಮೂಲೆಮೂಲೆಯಲ್ಲಿ ನಂಬರು ಬರೆದವಳು ಬೋರ್ಡಕ್ಕ. ಈ ದೀಪದ ಮೂಲೆಯಿಂದ ಮಾತ್ರ ಆ ಚೀಟಿಯನ್ನು ಅವಳೇ ಕೆರೆದು ತೆಗೆದಿದ್ದಳು. ಅದರ ನೆರಳು ಕೆಳಗಿನ ಎರಡು ಸಸಿಗಳ ಮೇಲೆ ಬೀಳುತ್ತಿತ್ತು.

"ಮೇಲೇನು ನೋಡ್ತೀರಿ ಬಿಡಿ" ಎಂದಳು, ತಂಗಿಯ ಹೆಗಲ ಮೇಲೆ ಕೈಯಿಟ್ಟು. "ಎಲೆ ನೋಡಿ. ಇವಳು ಬೆಳೆದಿದ್ದು."