ಅಪ್ಪನ ಗಾಡಿಯ ರಬ್ಬರು

ತೊಂಬತ್ತರ ದಶಕದ ನಡುವಿನ ಮಾತು. ಮದುವೆಯಾದ ಮೇಲಿನ ಮೊದಲ ಆಷಾಢಕ್ಕೆ ಹೆಂಡತಿ ನಾಗಮಂಗಲದ ಕಡೆಯ ತನ್ನ ತವರಿಗೆ ಹೋಗಿದ್ದಳು. ಶ್ರಾವಣ ಬಿದ್ದ ಕೂಡಲೇ ಕರೆತರಬೇಕು. ಬಸ್ಸಿನಲ್ಲಿ ಹೋಗಿ ಬರೋಣವೆಂದಿದ್ದೆ. ಅಮ್ಮ ಒಪ್ಪಲಿಲ್ಲ.

"ನಿಮ್ಮಪ್ಪ ನನ್ನ ಕರ್ಕಂಬಂದುದ್ದು ಆ ಬೈಕಲ್ಲೇ ಕಣ್ಲಾ. ನನ್ ಸೊಸೆನೂ ಅದ್ರಲ್ಲೇ ಬರ್ಲಿ. ಆರತಿ ಎತ್ತಕ್ಕೆ ನಿಮ್ ಚಿಕ್ಕಮ್ಮ ಅವ್ಳೆ. ನಾನು ಮುಂದಕ್ಕೆ ಬರಂಗಿಲ್ಲ, ಒಳಗೇ ಇರ್ತೀನಿ. ಗಾಡಿ ಸದ್ದು ಕೇಳುಸ್ಬುಟ್ರೆ ಸಾಕು."

ಅಪ್ಪ ತೀರಿಕೊಂಡು ವರ್ಷ ತುಂಬಿರಲಿಲ್ಲ. ಗಂಡ ಸತ್ತವಳು ಇಂಥ ಹೊತ್ತಿನಲ್ಲಿ ಬಾಗಿಲಿಗೆ ಬರಬಾರದೆಂಬ ನಮ್ಮ ಕಡೆಯ ರೂಢಿಯನ್ನು ಅವಳಿಗೆ ಯಾರೂ ನೆನಪಿಸಬೇಕಿರಲಿಲ್ಲ. ತಾನೇ ಹಿಂದೆ ಸರಿದಿದ್ದಳು. ಆ ರೂಢಿಯನ್ನು ಮುರಿಯುವ ತಾಕತ್ತು ನನಗೆಲ್ಲಿತ್ತು? ಗಾಡಿಯನ್ನಾದರೂ ಓಡಿಸೋಣವೆಂದುಕೊಂಡೆ.

ಆ ಗಾಡಿಯೋ, ಅಪ್ಪ ಹೋದಾಗಿನಿಂದ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿತಾಟು ಹೊದ್ದು ನಿಂತಿತ್ತು. ಎಷ್ಟು ಒದ್ದರೂ ಸಣ್ಣಗೆ ಕೆಮ್ಮಿ ಸುಮ್ಮನಾಗುತ್ತಿತ್ತು. ಟ್ರಾಕ್ಟರಿಗೆ ಹೇರಿ ಪಾಂಡವಪುರದ ಮೆಕ್ಯಾನಿಕ್ ಹತ್ತಿರ ಒಯ್ದೆ. ಕಾರ್ಬೊರೇಟರನ್ನು ಇಂಜಿನ್ನಿಗೆ ಸೇರಿಸುವ ಗಿಡ್ಡ ರಬ್ಬರ್ ಕೊಳವೆಯನ್ನು ಅವನು ಬಿಚ್ಚಿ ನೆಲಕ್ಕೆ ಬಡಿದ. ಟಕ್ಕೆಂದಿತು.

"ರಬ್ಬರಾ ಇದು? ಎತ್ತಿನ್ ಕೊಂಬಾಗೋಗದೆ. ಬಿರುಕಲ್ಲಿ ಗಾಳಿ ಎಳೀತದೆ, ಅದ್ಕೇ ಆಫಾಯ್ತದೆ. ಒಸದು ತನ್ನಿ."

ಎಲ್ಲಿಂದ ತರುವುದು? ಆ ಮಾಡೆಲ್ಲು ನಿಂತು ಯಾವ ಕಾಲವಾಗಿತ್ತೋ. ಶ್ರೀರಂಗಪಟ್ಟಣದ ಅಂಗಡಿಯವನು ಬರೀ ತಲೆಯಾಡಿಸಿದ. ಕೆ.ಆರ್. ಪೇಟೆಯವನು ತುಂಡನ್ನು ತಿರುಗಿಸಿ ಮುರುಗಿಸಿ ನೋಡಿ, "ಇದ್ಯಾವ್ದು, ಪಂಪ್‌ಸೆಟ್ಟುದಾ?" ಎಂದ. ಮೈಯೆಲ್ಲ ಉರಿದುಹೋಯಿತು. ಅಂಗೈಯಲ್ಲಿ ಅಡಗುವ ಒಂದು ಕಪ್ಪು ತುಂಡಿಗಾಗಿ ತಾಲ್ಲೂಕು ತಾಲ್ಲೂಕು ಅಲೆಯುತ್ತಿದ್ದೇನಲ್ಲ ಎಂದು ನನ್ನ ಮೇಲೇ ರೇಗಿತು.

ಆಗ ದಾರಿ ತೋರಿಸಿದವರು ಚಿಕ್ಕಪ್ಪ. ತುಕ್ಕು ಹಿಡಿದ ನಟ್ಟಿಗೂ ಸೀಮೆಎಣ್ಣೆ, ಬಿಗಿದ ನೇಗಿಲ ಬೋಲ್ಟಿಗೂ ಸೀಮೆಎಣ್ಣೆ. ಅವರ ಪಾಲಿಗೆ ಸಕಲ ರೋಗಕ್ಕೂ ಅದೊಂದೇ ಮದ್ದು. "ಅದ್ರಲ್ಲಿ ನೆನೆಯಾಕ್ಲಾ. ಬೆಳಿಗ್ಗೆಗೆ ಬೆಣ್ಣೆ ಅಂಗಾಯ್ತದೆ" ಎಂದರು.

ರಬ್ಬರು ನಿಜಕ್ಕೂ ಊದಿಕೊಂಡು ಮೆತ್ತಗಾಯಿತು. ಪಾಂಡವಪುರಕ್ಕೆ ಒಯ್ದು ಕೂರಿಸಿ, ಕ್ಲಿಪ್ಪು ಬಿಗಿಸಿ ಒಂದು ಒದೆ ಕೊಟ್ಟೆ. ಸಣ್ಣವರಿದ್ದಾಗ ದೂರದಿಂದ ಕೇಳಿದ ಕೂಡಲೇ ನಾವೆಲ್ಲ ಪುಸ್ತಕ ಹಿಡಿದು ಕೂರುತ್ತಿದ್ದ ಅದೇ ಸದ್ದು. "ಎಷ್ಟೊತ್ತು ತಡೀತದೋ" ಎಂದು ಮೆಕ್ಯಾನಿಕ್ ಗೊಣಗಿದ. ಆ ಖುಷಿಯಲ್ಲಿ ಅದು ಯಾರಿಗೆ ಬೇಕಿತ್ತು? ಮನೆಗೂ ಹೋಗದೆ ನೆಟ್ಟಗೆ ನಾಗಮಂಗಲದ ಹಾದಿ ಹಿಡಿದೆ.

ಮಾವನ ಮನೆಯಲ್ಲಿ ಒಬ್ಬಟ್ಟಿನ ಊಟ. ಅಷ್ಟು ಹೊತ್ತೂ ಗಾಡಿ ಅಂಗಳದ ಬಿಸಿಲಲ್ಲಿ ನಿಂತಿತ್ತು. ಹೆಂಡತಿ ಮಡಿಲಕ್ಕಿ ತುಂಬಿಸಿಕೊಂಡು ಪಕ್ಕಕ್ಕೆ ಬಂದಳು. ಕಿಕ್ಕರ್ ಒದ್ದೆ. ಜಪ್ಪಯ್ಯ ಎನ್ನಲಿಲ್ಲ. ಬಗ್ಗಿ ನೋಡಿದರೆ ಸೀಮೆಎಣ್ಣೆ ಆರಿ ರಬ್ಬರು ಸುಕ್ಕುಗಟ್ಟಿ, ಕ್ಲಿಪ್ಪಿನ ಪಕ್ಕದಲ್ಲೇ ಸೀಳಿಕೊಂಡಿತ್ತು. ಮಾವ ಅದನ್ನು ಬಿಚ್ಚಿ, ಆ ಜಾಗಕ್ಕೆ ಹಳೇ ಸೈಕಲ್ ಟ್ಯೂಬು ಕತ್ತರಿಸಿ ಸುತ್ತಿದರು. ಗಾಡಿ ಒಮ್ಮೆ ಕಿರುಚಿ ಸತ್ತಿತು. ಬೀದಿಯ ಗಂಡಸರೆಲ್ಲ ಒಬ್ಬರಾದ ಮೇಲೊಬ್ಬರು ಒದ್ದು ಬೆವರಿದರು. ನಾನು ಹರಿದ ತುಂಡು ಹಿಡಿದು ಪೆಚ್ಚಾಗಿ ನಿಂತಿದ್ದೆ.

"ರಾವುಕಾಲ ಬಂದ್ಬುಡ್ತದೆ, ಬಸ್ಸಲ್ಲೇ ಓಗ್ಬುಡಿ" ಎಂದು ಅತ್ತೆ ಅವಸರ ಮಾಡಿದರು. ಗಾಡಿಯನ್ನು ಅಲ್ಲೇ ಬಿಟ್ಟು ಹೊರಟೆವು. ಬಸ್ಸಿನಲ್ಲಿ ನನಗೆ ಅಳುವೇ ಬಂತು. "ಅತ್ತೇರ್ಗೆ ನಾನೇಳ್ತೀನಿ ಬುಡಿ" ಎಂದಳು ಹೆಂಡತಿ.

ತೊಣ್ಣೂರಿಗೆ ಹೋಗುವ ದಾರಿಯ ಕ್ರಾಸಿನಲ್ಲಿ ಇಳಿದು ನಡೆದುಕೊಂಡೇ ಊರು ಸೇರಿದೆವು. ಚಿಕ್ಕಮ್ಮ ಆರತಿ ಎತ್ತಿದರು, ಹೆಂಡತಿ ಬಲಗಾಲಿಟ್ಟು ಒಳಗೆ ಬಂದಳು. ದೇವರ ಮುಂದೆ ಮಡಿಲಕ್ಕಿ ಇಳಿಸಿ ಅಮ್ಮನನ್ನು ಹುಡುಕಿಕೊಂಡು ಹೋದೆವು. ಮುಂಬಾಗಿಲ ಮಾತು ಮುಟ್ಟದ ಹಿಂದಿನ ಕೋಣೆಯಲ್ಲಿ, ಕಿಟಕಿಗೆ ಕಿವಿಗೊಟ್ಟು, ಬೆನ್ನು ತಿರುಗಿಸಿ ಕೂತಿದ್ದಳು. ಸೊಸೆ ಕಾಲು ಮುಟ್ಟಿದಾಗ ಬೆಚ್ಚಿಬಿದ್ದಳು.

"ಅಯ್ಯೋ, ಯಾವಾಗ್ ಬಂದ್ರವ್ವಾ? ನಾನಿನ್ನೂ ಕಾಯ್ತಾ ಕುಂತಿದೀನಿ."