ಬಿಳಿ ಬಟ್ಟೆ ಹಿಡಿಯುವ ಸುಂದ್ರವ್ವ

ಪರೇಲಿನ ಧರ್ಮಶಾಲೆಯ ಅಂಗಳಕ್ಕೆ ಈಗಷ್ಟೇ ಬೆಳಗಿನ ಬಿಸಿಲು ಇಳಿದಿದೆ. ಕಲ್ಲುಬೆಂಚಿನ ಮೇಲೆ ನಾಲ್ಕು ವರ್ಷದ ರಂಜನಾ ದೊಡ್ಡ ಟೊಪ್ಪಿಗೆ ಹಾಕಿಕೊಂಡು ಕೂತಿದ್ದಾಳೆ. ಎದುರಿಗೆ ಕ್ಯಾಮೆರಾ ಹಿಡಿದ ಶಾಂತಪ್ಪ, ಪಕ್ಕದಲ್ಲಿ, ಬೆಳಕನ್ನು ಮಗುವಿನ ಮುಖಕ್ಕೆ ತಿರುಗಿಸಲು ಬಿಳಿ ಬಟ್ಟೆ ಹಿಡಿದ ಅವರ ಹೆಂಡತಿ ಸುಂದ್ರವ್ವ. "ಬಿಸಿಲಿಗೆ ಮಾರಿ ಮಾಡಿ ಕೂಡಿಸಬ್ಯಾಡ್ರಿ, ಕೂಸು ಕಣ್ಣ ಮುಚ್ತೈತಿ" ಎನ್ನುತ್ತಾ ಆಕೆ ಮಗುವಿನ ಬೆನ್ನನ್ನು ಬಿಸಿಲಿಗೆ ತಿರುಗಿಸುತ್ತಾರೆ.

ಫೋಟೊ ತೆಗೆದವರ ಹೆಸರನ್ನಾದರೂ ಜನ ಕೇಳುತ್ತಾರೆ. ಬಟ್ಟೆ ಹಿಡಿದವರನ್ನು ಯಾರು ಮಾತಾಡಿಸುತ್ತಾರೆ? ಇಂಡಿ ತಾಲ್ಲೂಕಿನಿಂದ ಬಂದ ಸುಂದ್ರವ್ವ ಅಂಧೇರಿಯ ಬಿಲ್ಡಿಂಗ್ ಕೆಲಸದಲ್ಲಿ ವರ್ಷಗಟ್ಟಲೆ ಸಿಮೆಂಟ್ ಬುಟ್ಟಿ ಹೊತ್ತವರು. ಈಗ ದಹಿಸರಿನ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುತ್ತಾರೆ. ಭಾನುವಾರ ಮಾತ್ರ ಗಂಡನ ಜತೆ ಮೊದಲ ಲೋಕಲ್ ಹತ್ತುತ್ತಾರೆ. ಕ್ಯಾನ್ಸರ್ ಆಸ್ಪತ್ರೆಗೆಂದು ಊರು ಬಿಟ್ಟು ಬಂದ ಮಕ್ಕಳ ಫೋಟೊ ತೆಗೆದು ಪುಕ್ಕಟೆ ಕೊಡುವುದು ಇಬ್ಬರ ರೂಢಿ. ಬೆಳಿಗ್ಗೆ ಮುಗಿಯುವಷ್ಟರಲ್ಲಿ ಎಂಟು-ಹತ್ತು ಮಕ್ಕಳು. ಗಾಳಿ ಬೀಸಿದರೆ ಬಟ್ಟೆ ಆಕೆಯನ್ನೇ ಎಳೆದಾಡುತ್ತದೆ, ರಟ್ಟೆ ಬಿದ್ದುಹೋಗುತ್ತದೆ.

ಶುರುವಿನಲ್ಲಿ ಎಡವಟ್ಟೂ ಆಗಿದೆ. "ಹೊಸದೈತಿ, ಚಂದ ಐತಿ ಅಂತ ಅರಿಶಿಣ ಬಣ್ಣದ ಚಾದರ ತಂದಿದ್ನಿರಿ. ಫೋಟೊದಾಗ ಕೂಸಿನ ಮಾರಿನೂ ಹಳದಿ! ಕಾಮಣಿ ಬ್ಯಾನಿ ಆಗೇತಿ ಅಂತ ಅವರವ್ವ ಅಳಾಕ ಹತ್ತಿದ್ಲು" ಎಂದು ನಗುತ್ತಾರೆ. ಅಂದಿನಿಂದ ಬಿಳಿ ಬಿಟ್ಟು ಬೇರೆ ಬಣ್ಣ ಮುಟ್ಟಿಲ್ಲ.

ರಂಜನಾಳದು ಬೇರೆ ತೊಡಕು. ಟೊಪ್ಪಿಗೆಯ ನೆರಳಲ್ಲಿ ಕಣ್ಣೇ ಕಾಣುತ್ತಿಲ್ಲ, ಅದನ್ನು ತೆಗೆಯಲು ತಾಯಿ ದಾನೇಶ್ವರಿ ಒಪ್ಪುತ್ತಿಲ್ಲ. "ಔಷಧಕ್ಕ ಕೂದಲ ಉದುರಿದ್ದು ಊರಾಗ ನಮ್ಮವ್ವಗ ಹೇಳಿಲ್ರಿ, ಅಕ್ಕಾರ. ಮೊಮ್ಮಗಳ ಮಾರಿ ತೋರ್ಸು ಅಂತ ದಿನಾ ಜೀವಾ ತಿಂತಾಳ. ವಿಡಿಯೊ ಕಾಲ್ ಮಾಡಾಕ ನನಗ ಧೈರ್ಯ ಇಲ್ಲ."

ಸುಂದ್ರವ್ವ ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬಟ್ಟೆಯನ್ನು ಕೆಳಗಿನಿಂದ ಓರೆಯಾಗಿ ಹಿಡಿಯುತ್ತಾರೆ. ಬೆಳಕು ಟೊಪ್ಪಿಗೆಯ ಅಡಿಗೆ ನುಗ್ಗುತ್ತದೆ. "ಹಿಂದಿನ ಗ್ವಾಡಿ ಬೆಳ್ಳಗಾದ್ರ ಆಗ್ಲಿ, ಮಾರಿ ಕಾಣ್ಬೇಕು" ಎಂದು ಶಾಂತಪ್ಪ ಕ್ಯಾಮೆರಾದಲ್ಲಿ ಬೆಳಕು ಏರಿಸಿಕೊಳ್ಳುತ್ತಾರೆ. ಸುಂದ್ರವ್ವ ಕೋಳಿಯ ಹಾಗೆ ಕೂಗುತ್ತಾರೆ. ರಂಜನಾ ಕಿಲಕಿಲ ನಗುತ್ತಾಳೆ.

ಫೋಟೊ ವಾಟ್ಸ್ಯಾಪಿನಲ್ಲಿ ಊರಿಗೆ ಹೋಗುತ್ತದೆ. ಸ್ವಲ್ಪ ಹೊತ್ತಿಗೇ ಫೋನು. ಅಜ್ಜಿಯ ಗಾಬರಿ ನಮಗೆಲ್ಲ ಕೇಳುತ್ತದೆ: "ದಾನವ್ವಾ, ದೊಡ್ಡದು ಮಾಡಿ ನೋಡಿದ್ನಿ, ಕೂಸಿನ ಎರಡೂ ಕಣ್ಣಾಗ ಬೆಳ್ಳಗ ಹೂ ಬಿದ್ದಾವಲ್ಲ! ಕಣ್ಣ ಕಾಣ್ತಾವೋ ಇಲ್ಲೋ?"

ಸುಂದ್ರವ್ವ ಫೋನು ಇಸಿದುಕೊಳ್ಳುತ್ತಾರೆ. "ಹೂ ಅಲ್ಲಬೇ ಯವ್ವಾ. ನಾ ಮುಂದ ಬಿಳಿ ಬಟ್ಟಿ ಹಿಡದಿದ್ನಿ, ಅದ ಕಣ್ಣಾಗ ಕಾಣಾಕ ಹತ್ತೇತಿ. ಕಣ್ಣ ಚಲೋ ಅದಾವ."

ಅತ್ತಲಿಂದ ಅಜ್ಜಿ ಮೆಲ್ಲಗೆ ಹೇಳುತ್ತಾಳೆ: "ಕಣ್ಣ ನೋಡಿದ್ನಲ್ಲ, ಸಾಕು. ಟೊಪ್ಪಿಗಿ ತೆಗೀಬ್ಯಾಡ್ರಿ, ಬಿಸಿಲೈತಿ. ಬಟ್ಟಿ ಹಿಡದ ತಾಯಿ, ನಿನ್ನ ಹೊಟ್ಟಿ ತಣ್ಣಗಿರ್ಲಿ."

ಅಜ್ಜಿಗೆ ಎಲ್ಲ ಗೊತ್ತು. ದಾನೇಶ್ವರಿ ಸುಂದ್ರವ್ವನ ಎರಡೂ ಕೈ ಹಿಡಿದು ಅಳುತ್ತಾಳೆ.

ಪೇಪರಿಗೆ ನಿಮ್ಮದೊಂದು ಫೋಟೊ ಬೇಕು ಎಂದು ನಾನು ಕೇಳಿದರೆ ಸುಂದ್ರವ್ವ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾರೆ.

"ಯಾಕ್ರಿ? ಊರಿಗೆ ಹೋದ ಫೋಟೊದಾಗಿನ ಕೂಸುಗಳ ಕಣ್ಣಾಗೆಲ್ಲ ನಾ ಬಟ್ಟಿ ಹಿಡಕೊಂಡು ಕುಂತೇನಲ್ರಿ."